ಯೆಜ್ಡಿ ಚಕ್ರದ ತುಕ್ಕು ಕಡ್ಡಿ: ಉಜ್ಜಿ ಉಳಿಸೋದಾ, ಹೊಸದು ಹಾಕೋದಾ?

ಹಳೆಯ ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಮೂಲ ಸ್ಪೋಕ್ ಕಡ್ಡಿಗಳ ವಯಸ್ಸು ಲೆಕ್ಕ ಹಾಕಿಕೊಳ್ಳಿ. ಮೊದಲು ಒಂದನ್ನು ಸೀಮೆಎಣ್ಣೆ ಹಚ್ಚಿ ಸ್ಟೀಲ್ ವುಲ್‌ನಿಂದ ಉಜ್ಜಿ ನೋಡಿ. ಒಳಗೆ ನುಣುಪು ಲೋಹ ಸಿಕ್ಕರೆ ಉಳಿಸಬಹುದು. ಹಬ್ (ಚಕ್ರದ ನಡುಭಾಗ) ಪಕ್ಕದ ಬಾಗಿನಲ್ಲಿ ಉಗುರಿಗೆ ಗುಳಿ ತಾಕಿದರೆ ಉಳಿಸುವ ಆಸೆ ಬಿಟ್ಟುಬಿಡಿ, ಕಡ್ಡಿ ಮುರಿಯುವುದೇ ಅಲ್ಲಿ.

ಉಜ್ಜುವುದಕ್ಕೆ ಖರ್ಚು ಕಡಿಮೆ, ಮೂಲ ರೂಪವೂ ಉಳಿಯುತ್ತದೆ. ಆದರೆ ಜಿಂಕ್ ಲೇಪನ ಹೋಗಿರುವುದರಿಂದ ಮೇಣ ಹಚ್ಚುತ್ತಲೇ ಇರಬೇಕು. ಮಳೆಗಾಲಕ್ಕೆ ತುಕ್ಕು ಮತ್ತೆ ಹಾಜರ್. ಹೊಸದಾಗಿ ಪ್ಲೇಟಿಂಗ್ ಮಾಡಿಸಲು ಹೇಗೂ ಚಕ್ರ ಬಿಚ್ಚಬೇಕು. ಮೇಲಾಗಿ ಆಸಿಡ್‌ನಲ್ಲಿ ಅದ್ದಿದಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಕಡ್ಡಿ ಪೆಡಸಾಗುವ ಅಪಾಯವಿದೆ. ಪ್ಲೇಟಿಂಗ್ ಆದ ಕೂಡಲೇ ಸುಮಾರು 190 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸದವರ ಕೈಗೆ ಕೊಡಬೇಡಿ.

ಬಿಚ್ಚುವುದೇ ಆದರೆ ಹೊಸದೇ ಲೇಸು. ಜಿಐ (ಜಿಂಕ್ ಲೇಪಿತ) ಕಡ್ಡಿ ಅಗ್ಗ. ಸ್ಟೇನ್‌ಲೆಸ್ ದುಬಾರಿ, ತುಕ್ಕಿನ ಚಿಂತೆ ತೀರಾ ಕಡಿಮೆ. ಅದಕ್ಕೆ ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಟ್) ಹಾಕಿ, ಸ್ಟೇನ್‌ಲೆಸ್ ನಿಪ್ಪಲ್ ಥ್ರೆಡ್ ಕಚ್ಚಿಕೊಂಡುಬಿಡುತ್ತದೆ. ಬಿಚ್ಚುವ ಮೊದಲು ಕಡ್ಡಿಗಳ ಹೆಣಿಗೆಯ ಫೋಟೊ, ಹಬ್ ಅಂಚಿನಿಂದ ರಿಮ್ ಅಂಚಿಗೆ ಅಳತೆ ತೆಗೆದಿಡಿ. ಒಳಗಿನ, ಹೊರಗಿನ ಕಡ್ಡಿಗಳ ಬಾಗು ಬೇರೆ ಇರಬಹುದು, ಬೆರೆಸಬೇಡಿ. ಔಟ್ ತೆಗೆದಾಗ, ಅಂದರೆ ಕಡ್ಡಿ ಬಿಗಿದು ಚಕ್ರ ನೇರ ಮಾಡಿದಾಗ, ಓಲಾಟ 1 ಮಿ.ಮೀ. ಒಳಗಿರಲಿ. ನಿಪ್ಪಲ್ ತಲೆಯಿಂದ ಆಚೆ ಬಂದ ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿ, ಇಲ್ಲದಿದ್ದರೆ ಟ್ಯೂಬ್ ಪಂಕ್ಚರ್. 200–300 ಕಿ.ಮೀ. ಓಡಿದ ಮೇಲೆ ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ತಟ್ಟಿ: ‘ಟಿಣ್’ ಅನ್ನದೆ ‘ಡಬ್’ ಅಂದದ್ದು ಸಡಿಲ.