ಮುಂಬಯಿ ಮಳೆಗಾಲ ದಾಟಿದ ಜಾಝ್ ಮರುಬಿಡುಗಡೆಗಳು: ದೀರ್ಘಕಾಲ ಬಳಸಿದವರ ವಿಮರ್ಶೆ

ಬ್ಲೂ ನೋಟ್‌ನ ಟೋನ್ ಪೊಯೆಟ್ ಮತ್ತು ಕ್ಲಾಸಿಕ್ ವಿನೈಲ್, ಕ್ರಾಫ್ಟ್ ಹೊರತರುವ ಒರಿಜಿನಲ್ ಜಾಝ್ ಕ್ಲಾಸಿಕ್ಸ್, ವರ್ವ್‌ನ ಅಕೌಸ್ಟಿಕ್ ಸೌಂಡ್ಸ್. ಅಮೆರಿಕದ ಕಂಪನಿಗಳು ಹಳೆಯ ಜಾಝ್ ಆಲ್ಬಮ್ಮುಗಳನ್ನು ಮತ್ತೆ ಅಚ್ಚು ಹಾಕುವ ಈ ನಾಲ್ಕು ಸರಣಿಗಳ ರೆಕಾರ್ಡುಗಳು ಮಾಟುಂಗದಿಂದ ಡೊಂಬಿವಲಿವರೆಗಿನ ನಮ್ಮ ಕನ್ನಡ ಮನೆಗಳಲ್ಲಿ ಹಲವು ಮಳೆಗಾಲ ಕಂಡಿವೆ. ಅವುಗಳ ಜೊತೆಗೆ, ದಶಕಗಳ ಕಾಲ ಡಬ್ಬಿಯಲ್ಲೇ ಉಳಿದು ಈಗ ಹೊರಬರುತ್ತಿರುವ ಟೇಪುಗಳ ಬಗ್ಗೆಯೂ ಇಲ್ಲಿ ಹೇಳಬೇಕಿದೆ. ತೀರ್ಪು ಮೊದಲೇ ಬೇಕಾದವರಿಗೆ: ಸ್ಟುಡಿಯೋದಲ್ಲಿ ಮುದ್ರಿಸಿದ ಆಲ್ಬಮ್ ಆದರೆ ವಿನೈಲ್ ತಟ್ಟೆಗೆ, ಅಂದರೆ ಎಲ್‌ಪಿಗೆ ದುಡ್ಡು ಹಾಕಿ, ಹೊಸದಾಗಿ ಸಿಕ್ಕ ಲೈವ್ ಟೇಪ್ ಆದರೆ ಸಿಡಿ ಸಾಕು. ಎರಡರಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಯಾವ ಟೇಪಿನಿಂದ ಮಾಡಿದ್ದಾರೆ?

ಟೋನ್ ಪೊಯೆಟ್ ಸರಣಿ ಶುರುವಾದದ್ದು 2019ರಲ್ಲಿ. ಆಯ್ಕೆ ಮತ್ತು ಮೇಲ್ವಿಚಾರಣೆ ಜೋ ಹಾರ್ಲೆ ಅವರದು, ಮಾಸ್ಟರಿಂಗ್ (ಟೇಪಿನ ಧ್ವನಿಯನ್ನು ಹದಗೊಳಿಸಿ ತಟ್ಟೆಗೆ ಇಳಿಸುವ ಕೆಲಸ) ಕೆವಿನ್ ಗ್ರೇ ಅವರದು. ಕ್ಯಾಲಿಫೋರ್ನಿಯಾದ ಆರ್‌ಟಿಐ ಕಾರ್ಖಾನೆಯಲ್ಲಿ 180 ಗ್ರಾಂ ತೂಕದಲ್ಲಿ ಅಚ್ಚಾಗುತ್ತದೆ. ಕವರ್ ದಪ್ಪ ರಟ್ಟಿನ ಮೇಲೆ ಮುದ್ರಿತ ಕಾಗದ ಅಂಟಿಸಿದ್ದು, ಪುಸ್ತಕದ ಹಾಗೆ ತೆರೆಯುತ್ತದೆ, ಒಳಗೆ ಆ ದಿನದ ಸ್ಟುಡಿಯೋ ಫೋಟೋಗಳು ಇರುತ್ತವೆ. ಕ್ಲಾಸಿಕ್ ವಿನೈಲ್ ಸರಣಿಯದ್ದೂ ಕೆವಿನ್ ಗ್ರೇ ಅವರ ಕೈಕೆಲಸವೇ, ಆದರೆ ಅಚ್ಚು ಜರ್ಮನಿಯ ಆಪ್ಟಿಮಲ್‌ನಲ್ಲಿ, ಕವರ್ ಸಾದಾ. ಬೆಲೆಯಲ್ಲಿ ಕಾಣುವಷ್ಟು ಅಂತರ ಕಿವಿಗೆ ಕೇಳಿಸುವುದಿಲ್ಲ. ಸಂಗ್ರಹ ಈಗಷ್ಟೇ ಶುರು ಮಾಡುವವರು ಕ್ಲಾಸಿಕ್ ವಿನೈಲ್‌ನಿಂದಲೇ ಆರಂಭಿಸಲಿ. 2023ರಲ್ಲಿ ಮತ್ತೆ ಶುರುವಾದ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಕೂಡ ಗ್ರೇ ಮತ್ತು ಆರ್‌ಟಿಐ ಜೋಡಿಯದ್ದೇ. ವರ್ವ್ ಸರಣಿ ಕ್ಯಾನ್ಸಸ್‌ನ ಕ್ಯೂಆರ್‌ಪಿಯಲ್ಲಿ ಅಚ್ಚಾಗುತ್ತದೆ.

ಧ್ವನಿಯ ವಿಷಯಕ್ಕೆ ಬರೋಣ. ಹಳೆಯ ಬ್ಲೂ ನೋಟ್ ಮೂಲ ಪ್ರತಿಗಳನ್ನು ಕತ್ತರಿಸುವಾಗ, ಅಂದರೆ ಅಚ್ಚಿಗಾಗಿ ಗೆರೆ ಕೊರೆಯುವಾಗ, ಧ್ವನಿಮುದ್ರಣದ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಆಳದ ಬಾಸನ್ನು ತಗ್ಗಿಸುತ್ತಿದ್ದರು. ಆ ಕಾಲದ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಜಿಗಿಯಬಾರದಲ್ಲ. ಈಗಿನ ಮರುಬಿಡುಗಡೆಗೆ ಆ ಭಯವಿಲ್ಲ. ಸ್ಯಾಕ್ಸೊಫೋನ್ ವಾದಕ ಟೀನಾ ಬ್ರೂಕ್ಸ್ ಅವರ 'ಮೈನರ್ ಮೂವ್' ಹಾಕಿ ನೋಡಿ. 1958ರ ಮಾರ್ಚ್ 16ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ವ್ಯಾನ್ ಗೆಲ್ಡರ್ ಅವರ ತಂದೆತಾಯಿಯ ಮನೆಯ ನಡುಮನೆಯಲ್ಲಿ ಮುದ್ರಣವಾದದ್ದು. ಡಗ್ ವಾಟ್ಕಿನ್ಸ್ ಅವರ ಡಬಲ್ ಬಾಸ್‌ನಲ್ಲಿ ಸ್ವರ ಮಾತ್ರವಲ್ಲ, ಮರದ ಒಡಲೂ ಕೇಳುತ್ತದೆ. ಆರ್ಟ್ ಬ್ಲೇಕಿ ಸಿಂಬಲ್ ಮುಟ್ಟಿದ ಮೇಲೆ ಅದರ ಗುಂಯ್ ಎನ್ನುವ ನಾದ ಪೂರ್ತಿ ಆರುವವರೆಗೂ ನಿಲ್ಲುತ್ತದೆ. ಸನಿ ಕ್ಲಾರ್ಕ್ ಅವರ ಪಿಯಾನೋ ಮಾತ್ರ ಸ್ವಲ್ಪ ಮುಚ್ಚಿದಂತೆಯೇ ಇದೆ. ಅದು ಟೇಪಿನಲ್ಲೇ ಇರುವ ಗುಣ, ಯಾವ ಮಾಸ್ಟರಿಂಗೂ ಅದನ್ನು ತೆಗೆಯಲಾರದು. ತೆಗೆಯಲು ಹೋಗದೇ ಇದ್ದದ್ದು ಗ್ರೇ ಅವರ ವಿವೇಕ.

ಅಂದಹಾಗೆ, ಬ್ರೂಕ್ಸ್ ಬ್ಲೂ ನೋಟ್‌ಗೆ ನಾಯಕರಾಗಿ ನಾಲ್ಕು ಆಲ್ಬಮ್ ಮುದ್ರಿಸಿದರು, ಬದುಕಿದ್ದಾಗ ಹೊರಬಂದದ್ದು ಒಂದೇ. 1974ರಲ್ಲಿ ತೀರಿಕೊಂಡರು. 'ಮೈನರ್ ಮೂವ್' ಮೊದಲು ಬಂದದ್ದು 1980ರಲ್ಲಿ, ಅದೂ ಜಪಾನಿನಲ್ಲಿ. ಸಂಗ್ರಾಹಕರು ಹಳೆಯ ಟೇಪುಗಳ ಮೇಲೆ ಇಷ್ಟೊಂದು ಆಸೆ ಇಟ್ಟುಕೊಳ್ಳುವುದು ಏಕೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಬಿಡುಗಡೆಯಾಗದ ಸಂಗೀತವೆಂದರೆ ಕಳಪೆ ಸಂಗೀತ ಎಂದು ತಿಳಿಯುವುದು ತಪ್ಪು. ಕಂಪನಿ ವರ್ಷಕ್ಕೆ ಹೊರತರಬಲ್ಲದ್ದಕ್ಕಿಂತ ಹೆಚ್ಚು ಮುದ್ರಿಸುತ್ತಿತ್ತು, ಉಳಿದದ್ದು ಕಪಾಟಿನಲ್ಲೇ ಕೂತಿತು.

ಕವರಿನ ಮೇಲಿನ ಸ್ಟಿಕ್ಕರನ್ನು ಓದುವ ರೀತಿ ಕಲಿಯಬೇಕು. '180 ಗ್ರಾಂ' ಎನ್ನುವುದು ತೂಕ, ಗುಣಮಟ್ಟವಲ್ಲ. 'ರಿಮಾಸ್ಟರ್ಡ್' ಎನ್ನುವುದರಿಂದ ಏನೂ ತಿಳಿಯುವುದಿಲ್ಲ. 'ಮೂಲ ಅನಲಾಗ್ ಮಾಸ್ಟರ್ ಟೇಪಿನಿಂದ' ಎಂದು ಬರೆದು, ಕತ್ತರಿಸಿದವರ ಹೆಸರನ್ನೂ ಹಾಕಿದ್ದರೆ ನಂಬಿಕೆಗೆ ಆಧಾರವಿದೆ. ಆ ಹೆಸರು ತಟ್ಟೆಯ ಮೇಲೂ ಇರಬೇಕು: ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗಿನ ಖಾಲಿ ಜಾಗವನ್ನು ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದರೆ ಗ್ರೇ ಅವರ ಕೆಪಿಜಿ ಎಂಬ ಗೀರು ಕಾಣುತ್ತದೆ, ಹಳೆಯ ಪ್ರತಿಗಳಲ್ಲಿ ವ್ಯಾನ್ ಗೆಲ್ಡರ್ ಅವರ ಆರ್‌ವಿಜಿ ಮುದ್ರೆ ಕಾಣುತ್ತದೆ. ಆದರೂ ಎಚ್ಚರ ಇರಲಿ. ಮರುಬಿಡುಗಡೆ ಕಂಪನಿ ಮೊಬೈಲ್ ಫಿಡೆಲಿಟಿ, ಪೂರ್ತಿ ಅನಲಾಗ್ ಎಂದೇ ಕೊಳ್ಳುವವರು ನಂಬಿದ್ದ ತನ್ನ ಎಷ್ಟೋ ರೆಕಾರ್ಡುಗಳಲ್ಲಿ ಡಿಜಿಟಲ್ ಹಂತ ಬಳಸಿದೆ ಎಂಬುದು 2022ರಲ್ಲಷ್ಟೇ ಬಯಲಾಯಿತು. ಡಿಜಿಟಲ್ ಹಂತ ಇದ್ದರೆ ಧ್ವನಿ ಕೆಡುತ್ತದೆ ಎಂದೇನಲ್ಲ. ಕೊಳ್ಳುವವರಿಗೆ ಅದನ್ನು ಹೇಳಬೇಕು, ಅಷ್ಟೇ.

ಇನ್ನೊಂದು ಬಗೆಯ ರೆಕಾರ್ಡು ಮುಂಬಯಿ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಯುರೋಪಿನಲ್ಲಿ 1962ರವರೆಗೆ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕು ಮುಗಿದಿದೆ, ಹಾಗಾಗಿ ಟೇಪ್ ಇಲ್ಲದವರೂ ಸಿಡಿಯಿಂದಲೋ ಹಳೆಯ ಎಲ್‌ಪಿಯಿಂದಲೋ ನಕಲು ತೆಗೆದು ಕಾನೂನುಬದ್ಧವಾಗಿ ಅಚ್ಚು ಹಾಕಬಹುದು. ಕವರ್ ಚೆನ್ನಾಗಿರುತ್ತದೆ, ಮೂಲ ಯಾವುದೆಂಬ ಮಾತೇ ಇರುವುದಿಲ್ಲ. ಅದಕ್ಕೆ ಕೊಡುವ ದುಡ್ಡಿನಲ್ಲಿ ಅದೇ ಆಲ್ಬಮ್‌ನ ಅಧಿಕೃತ ಸಿಡಿ ಬರುತ್ತದೆ, ಅದನ್ನೇ ತೆಗೆದುಕೊಳ್ಳಿ.

ಹೊಸ ರೆಕಾರ್ಡಿನಲ್ಲೂ ದೋಷ ಬರುತ್ತದೆ, ಯಾವ ಕಾರ್ಖಾನೆಯದ್ದೂ ಇದಕ್ಕೆ ಹೊರತಲ್ಲ. ಮುಖ್ಯವಾದದ್ದು ನಾನ್-ಫಿಲ್: ಬಿಸಿ ವಿನೈಲ್ ಅಚ್ಚಿನ ಮೂಲೆಮೂಲೆಗೂ ಹರಿಯದೆ ಗೆರೆಯ ಗೋಡೆಯಲ್ಲಿ ಖಾಲಿ ಉಳಿಯುವುದು. ಬಟ್ಟೆ ಹರಿದಂತೆ ಪರ್ ಎನ್ನುವ ಸದ್ದು, ಹೆಚ್ಚಾಗಿ ಒಂದೇ ಕಡೆಯ ಸ್ಪೀಕರಿನಲ್ಲಿ. ಎಷ್ಟು ತೊಳೆದರೂ ಹೋಗದು, ಬದಲಿಸಿಕೊಳ್ಳುವುದೊಂದೇ ದಾರಿ. ಎರಡನೆಯದು ನಡುವಿನ ರಂಧ್ರ ಮಧ್ಯದಲ್ಲಿ ಇಲ್ಲದಿರುವುದು; ಟೋನ್ ಆರ್ಮ್ ಅತ್ತಿತ್ತ ತೂಗುತ್ತದೆ, ಪಿಯಾನೋದ ಉದ್ದ ಸ್ವರಗಳು ನಡುಗುತ್ತವೆ. ಚಟ್ ಚಟ್ ಎನ್ನುವುದು ಹೆಚ್ಚಾಗಿ ದೂಳು ಇಲ್ಲವೇ ಸ್ಟ್ಯಾಟಿಕ್, ಅದು ತೊಳೆದರೆ ಹೋಗುತ್ತದೆ. ಆದ್ದರಿಂದ ತಂದ ವಾರದೊಳಗೆ ಎರಡೂ ಬದಿ ಪೂರ್ತಿ ಕೇಳಿ. ಸೀಲ್ ಒಡೆಯದೆ ಕಪಾಟಿನಲ್ಲಿಟ್ಟರೆ ಬದಲಿಸುವ ಅವಧಿ ಮುಗಿದುಹೋಗುತ್ತದೆ. ದೂರು ಕೊಡುವಾಗ ಸೂಜಿ ಓಡುವ ವಿಡಿಯೋ ಧ್ವನಿ ಸಮೇತ ಕಳಿಸಿ, ಬರೀ ಫೋಟೋ ಕಳಿಸಿದರೆ ಮಾತು ಮುಂದುವರಿಯುವುದಿಲ್ಲ.

ವಿದೇಶದಿಂದ ನೇರ ತರಿಸುವವರು ಗಮನಿಸಬೇಕಾದದ್ದು: ಕಸ್ಟಮ್ಸ್ ಸುಂಕ ರೆಕಾರ್ಡಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ಅದರ ಮೇಲೆ ಕೊರಿಯರ್‌ನವರ ಶುಲ್ಕ ಬೇರೆ. ಒಂದೊಂದೇ ತರಿಸಿದರೆ ಲೆಕ್ಕ ಕೂಡಿಬರುವುದಿಲ್ಲ, ಮೂರು-ನಾಲ್ಕು ಒಟ್ಟಿಗೆ ತರಿಸಿ. ಬಳಸಿದ ಪ್ರತಿಯಾದರೆ ತಟ್ಟೆಯನ್ನು ಕವರಿನ ಹೊರಗಿಟ್ಟು ಪ್ಯಾಕ್ ಮಾಡಲು ಮಾರುವವರಿಗೆ ಹೇಳಿ, ಇಲ್ಲದಿದ್ದರೆ ದಾರಿಯ ಕುಲುಕಾಟಕ್ಕೆ ಕವರಿನ ಅಂಚು ಸೀಳುತ್ತದೆ. ಏಪ್ರಿಲ್-ಮೇನಲ್ಲಿ ಗೋದಾಮಿನ ಬಿಸಿಗೆ ತಟ್ಟೆ ಬಾಗುವ ಸಾಧ್ಯತೆ ಹೆಚ್ಚು. ಹೊರನಾಡಿನ ಆರ್ಡರುಗಳನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸುವುದು ಒಳ್ಳೆಯದು.

ಮಳೆಗಾಲವೇ ನಿಜವಾದ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ತೇವ ಇಳಿಯುವುದೇ ಇಲ್ಲ. ವಿನೈಲ್‌ಗೆ ಬೂಷ್ಟು ಹತ್ತುವುದಕ್ಕಿಂತ ಮೊದಲು ಹತ್ತುವುದು ಒಳಗಿನ ಕಾಗದದ ಚೀಲಕ್ಕೆ, ಆಮೇಲೆ ಅಲ್ಲಿಂದ ತಟ್ಟೆಗೆ. ಕಾಗದದ ಚೀಲ ತೆಗೆದು ಪಾಲಿಥೀನ್ ಒಳಪದರವಿರುವ ಆಂಟಿ-ಸ್ಟ್ಯಾಟಿಕ್ ಚೀಲ ಹಾಕಿ. ಹೊರಕವರಿಗೆ ಮೆತ್ತನೆಯ ಪಿವಿಸಿ ಬೇಡವೇ ಬೇಡ, ಅದರಿಂದ ಒಸರುವ ರಾಸಾಯನಿಕ ತಟ್ಟೆಯ ಮೇಲೆ ಮಂಜಿನಂತೆ ಕೂತು ಶಾಶ್ವತವಾಗಿ ಉಳಿಯುತ್ತದೆ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಸಿಲಿಕಾ ಜೆಲ್ ಇಟ್ಟರೆ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು, ಇಟ್ಟು ಮರೆತರೆ ಅದು ಇದ್ದೂ ಇಲ್ಲದಂತೆ. ಬೂಷ್ಟು ಬಂದ ಎಲ್‌ಪಿಗೆ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಫೋಟೋ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಎರಡು-ಮೂರು ಹನಿ. ಬ್ರಶ್ ಗೆರೆಯ ಗುಂಟವೇ ಓಡಬೇಕು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ನಲ್ಲಿ ನೀರು ಬೇಡ, ಒಣಗಿದ ಮೇಲೆ ಲವಣ ಗೆರೆಯಲ್ಲಿ ಉಳಿಯುತ್ತದೆ. ಈ ಶಿಸ್ತು ಇಟ್ಟುಕೊಂಡ ಮನೆಗಳಲ್ಲಿ ಮೇಲಿನ ಸರಣಿಗಳ ತಟ್ಟೆಗಳು ಹೊಸದರಂತೆಯೇ ಇವೆ. ದಪ್ಪ ರಟ್ಟಿನ ಕವರುಗಳು ಮಾತ್ರ ತೇವ ಹೀರಿ ಸ್ವಲ್ಪ ಉಬ್ಬಿವೆ.

ಇನ್ನು ಹೊಸದಾಗಿ ಬೆಳಕಿಗೆ ಬಂದ ಟೇಪುಗಳು. ಪಿಯಾನೋ ವಾದಕ ತೆಲೋನಿಯಸ್ ಮಾಂಕ್ ಮತ್ತು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಒಟ್ಟಿಗೆ 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕ ರೇಡಿಯೊ ಮುದ್ರಿಸಿಕೊಂಡಿತ್ತು. 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಧ್ವನಿ ಅದ್ಭುತ, ಕಣ್ಣುಮುಚ್ಚಿ ಕೊಳ್ಳಬಹುದು. ಕೋಲ್ಟ್ರೇನ್‌ರ 1963ರ ಮಾರ್ಚ್ 6ರ ಸ್ಟುಡಿಯೋ ಕೆಲಸ 2018ರಲ್ಲಿ ಬಂತು. ಆಧಾರ ಅವರ ಮೊದಲ ಪತ್ನಿ ನೈಮಾ ಅವರ ಕುಟುಂಬದ ಬಳಿ ಉಳಿದಿದ್ದ ಮೊನೊ ಪ್ರತಿ. 2023ರಲ್ಲಿ ಬಂದ, ನ್ಯೂಯಾರ್ಕಿನ ವಿಲೇಜ್ ಗೇಟ್ ಕ್ಲಬ್ಬಿನಲ್ಲಿ ಕೋಲ್ಟ್ರೇನ್ ನುಡಿಸಿದ ಮುದ್ರಣ ಬೇರೆ ಬಗೆಯದು. 1961ರಲ್ಲಿ ಕ್ಲಬ್ಬಿನ ಧ್ವನಿವ್ಯವಸ್ಥೆ ಪರೀಕ್ಷಿಸಲೆಂದು ಇಳಿಬಿಟ್ಟ ಒಂದೇ ಮೈಕಿನಲ್ಲಿ ಹಿಡಿದದ್ದು. ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಮುಂದೆ, ಉಳಿದವರು ಹಿಂದೆ. ಸಂಗೀತ ಬೆಲೆಕಟ್ಟಲಾಗದ್ದು, ಎರಿಕ್ ಡಾಲ್ಫಿ ಅವರ ಬಾಸ್ ಕ್ಲಾರಿನೆಟ್‌ಗಾಗಿಯೇ ಕೇಳಬೇಕು. ಆದರೆ ಇಂಥ ಟೇಪಿನಿಂದ ಎಲ್‌ಪಿಗೆ ಹೆಚ್ಚೇನೂ ದಕ್ಕದು. ಸಿಡಿ ತೆಗೆದುಕೊಂಡು ಉಳಿದ ದುಡ್ಡಿನಲ್ಲಿ ಇನ್ನೊಂದು ಸಿಡಿ ಕೊಳ್ಳಿ.

ಮೊಸಾಯಿಕ್‌ನ ಪೆಟ್ಟಿಗೆಗಳಿಗೆ (ಒಬ್ಬ ಕಲಾವಿದರ ಹಲವು ರೆಕಾರ್ಡುಗಳ ಕಟ್ಟು) ಬೇರೆಯೇ ನಿಯಮ. 1980ರ ದಶಕದ ಆರಂಭದಲ್ಲಿ ಮೈಕೆಲ್ ಕಸ್ಕೂನಾ ಮತ್ತು ಚಾರ್ಲಿ ಲೂರಿ ಕಟ್ಟಿದ ಕಂಪನಿ ಅದು, ಇಂತಿಷ್ಟೇ ಪ್ರತಿ ಎಂಬ ಪರವಾನಗಿಯ ಮೇಲೆ ನಡೆಯುತ್ತದೆ. ಮುಗಿದರೆ ಮುಗಿಯಿತು, ಆಮೇಲೆ ಕೈಬದಲಿ ಬೆಲೆಯೇ ಗತಿ. ನಿಮಗೆ ಬೇಕಾದ ಕಲಾವಿದರ ಪೆಟ್ಟಿಗೆ ಪ್ರಕಟವಾದರೆ ಕಾಯಬೇಡಿ. 2024ರಲ್ಲಿ ಕಸ್ಕೂನಾ ತೀರಿಕೊಂಡರು. ಬ್ಲೂ ನೋಟ್ ಕಪಾಟುಗಳನ್ನು 1975ರಿಂದ ಒಂದೊಂದಾಗಿ ತೆರೆದವರು ಅವರೇ.

ನಮ್ಮ ಊರಿನ ಜಾಝ್‌ಗೆ ಇಂಥ ಭಾಗ್ಯ ಬರಬೇಕು ಎಂಬುದು ನಮ್ಮ ದೊಡ್ಡ ಆಸೆ. ಮುಂಬಯಿಯಲ್ಲಿ ಹುಟ್ಟಿದ ಗೋವಾ ಮೂಲದ ಗಿಟಾರ್ ವಾದಕ ಅಮಾನ್ಸಿಯೊ ಡಿ'ಸಿಲ್ವಾ ಲಂಡನ್ನಿನಲ್ಲಿ ಮುದ್ರಿಸಿದ 'ಕೊಂಕಣ್ ಡಾನ್ಸ್' ಮೂರು ದಶಕಕ್ಕೂ ಹೆಚ್ಚು ಕಾಲ ಬಿಡುಗಡೆಯಾಗದೆ ಉಳಿದು ಕೊನೆಗೂ ಹೊರಬಂತು. ಆದರೆ 1940ರ ದಶಕದಲ್ಲಿ ಟ್ರಂಪೆಟ್ ವಾದಕ ಚಿಕ್ ಚಾಕೊಲೆಟ್ ಕೊಲಂಬಿಯಾ ಲೇಬಲ್‌ಗೆ ಮುದ್ರಿಸಿದ 78ರ (ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ) ತಟ್ಟೆಗಳಿಗೆ ಆ ಮಟ್ಟದ ಆರೈಕೆ ಇನ್ನೂ ಸಿಗಬೇಕಿದೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ. ಹಾಗಾಗಿ ಮುದ್ರಣದ ಹಕ್ಕು ಇಲ್ಲಿ ಅಡ್ಡಿಯಲ್ಲ, ರಚನೆಯ ಹಕ್ಕನ್ನು ಮಾತ್ರ ಬೇರೆಯಾಗಿ ನೋಡಬೇಕು. ಕೊರತೆ ಇರುವುದು ಸವೆಯದ ಪ್ರತಿಗಳದ್ದು.

ಮನೆಯ ಅಟ್ಟದಲ್ಲೋ ಚೋರ್ ಬಜಾರಿನಲ್ಲೋ ಅಂಥ ತಟ್ಟೆ ಸಿಕ್ಕರೆ ಸ್ಪಿರಿಟ್ ಮುಟ್ಟಿಸಬೇಡಿ. ಎಲ್‌ಪಿಯನ್ನು ಕೆಡಿಸದ ಆಲ್ಕೊಹಾಲ್ ಅರಗಿನ ತಟ್ಟೆಯನ್ನು ಕರಗಿಸಿಬಿಡುತ್ತದೆ. ಎಲ್‌ಪಿಯ ಸೂಜಿಯಲ್ಲೂ ನುಡಿಸಬೇಡಿ: 78ಕ್ಕೆ ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ತುದಿ ಬೇಕು, ಎಲ್‌ಪಿಯದು 0.7 ಮಿಲ್, ಗೆರೆಯ ತಳಕ್ಕೆ ಇಳಿದು ಬರೀ ಕಸದ ಸದ್ದು ಎತ್ತುತ್ತದೆ. 1978ರಲ್ಲಿ ರಂಗ್ ಭವನದಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವದ ಕಾಲದ ದೊಡ್ಡ ಸುರುಳಿ ಟೇಪ್ ಯಾರ ಬಳಿಯಾದರೂ ಇದ್ದರೆ ಕುತೂಹಲಕ್ಕೆ ಹಾಕಿ ನೋಡಬೇಡಿ. ಆ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿ, ಹೆಡ್‌ಗೆ ಉಜ್ಜಿದಂತೆ ಸಂಗೀತವೇ ಕಿತ್ತುಬರುತ್ತದೆ. ಬಲ್ಲವರು ಅದನ್ನು 50-55 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿ ಆಮೇಲೆ ಒಮ್ಮೆ ನುಡಿಸಿ ನಕಲು ತೆಗೆಯುತ್ತಾರೆ. ಅದಕ್ಕಿಂತ ಹಳೆಯ ಅಸಿಟೇಟ್ ಟೇಪನ್ನು ಹಾಗೆ ಬಿಸಿ ಮಾಡಿದರೆ ಹಾಳು. ಗುರುತು ಸುಲಭ: ಸುರುಳಿಯನ್ನು ಬೆಳಕಿಗೆ ಹಿಡಿಯಿರಿ, ಬೆಳಕು ಆಚೆಯಿಂದ ತೂರಿಬಂದರೆ ಅಸಿಟೇಟ್. ಟೇಪಾದರೆ ಡಬ್ಬಿಯ ಮೇಲಿನ ಬರಹವನ್ನೂ, ತಟ್ಟೆಯಾದರೆ ಎರಡೂ ಬದಿಯ ಲೇಬಲ್ ಮತ್ತು ಅದರ ಪಕ್ಕದ ಖಾಲಿ ಜಾಗದಲ್ಲಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಸ್ಪಷ್ಟವಾಗಿ ಫೋಟೋ ತೆಗೆದಿಡಿ. ಯಾವ ದಿನದ, ಎಷ್ಟನೆಯ ಟೇಕ್ ಎಂದು ಪತ್ತೆ ಹಚ್ಚುವವರು ಮೊದಲು ಕೇಳುವುದು ಅದನ್ನೇ.