ಹಿಮದ ಸುತ್ತುದಾರಿ ಚಾರಣಕ್ಕೆ ಹೊರಟವರು ವ್ಯೂಪಾಯಿಂಟ್ ಆಚೆಯ ಕಥೆ ಕೇಳಿಕೊಂಡು ಹೊರಡಿ

"ಸುಲಭ ದರ್ಜೆ. 11 ಕಿಲೋಮೀಟರ್ ಸುತ್ತುದಾರಿ, 600 ಮೀಟರ್ ಏರು, ನಾಲ್ಕು ಗಂಟೆ. ಹಿಮ ಹೊದ್ದ ಕಾಡು, ದಾರಿಯುದ್ದಕ್ಕೂ ನೋಟ."

ನಮ್ಮನ್ನು ಕರೆದುಕೊಂಡು ಹೋದ ಚಾರಣ ತಂಡದವರು ಕಳಿಸಿದ ವಿವರಣೆ ಇಷ್ಟೇ. ಹಿಮದ ಮಾತೊಂದನ್ನು ಬಿಟ್ಟರೆ, ಬೇಸಿಗೆಗೆ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾವು ಹೋಗಿದ್ದು ಜನವರಿಯಲ್ಲಿ.

ಆ ನಾಲ್ಕು ಗಂಟೆ ಎಲ್ಲಿಂದ ಬಂತು ಅಂತ ಆಮೇಲೆ ಲೆಕ್ಕ ಹಾಕಿ ನೋಡಿದೆ. ಬೆಟ್ಟ ಹತ್ತುವವರಲ್ಲಿ ನೈಸ್ಮಿತ್ ನಿಯಮ ಅಂತ ಒಂದು ಹಳೇ ಲೆಕ್ಕವಿದೆ, 1892ರದ್ದು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ನೋಡಿದರೆ ನಮ್ಮ ದಾರಿಗೆ ಮೂರು ಗಂಟೆ ಚಿಲ್ಲರೆ. ಊಟಕ್ಕೆ, ಫೋಟೋಗೆ ಒಂದಿಷ್ಟು ಸೇರಿಸಿದರೆ ನಾಲ್ಕು. ಆದರೆ ಆ ಲೆಕ್ಕ ಗಟ್ಟಿ ನೆಲದ ಮೇಲೆ ನಡೆಯುವವರಿಗೆ. ತೊಡೆಯವರೆಗೆ ಹೂತುಹೋಗುವ ಹಿಮದಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ದೊಡ್ಡದು.

ಮೊದಲರ್ಧದ ಬಗ್ಗೆ ನನ್ನ ದೂರೇನೂ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಬಿಸಿಲು, ನೂರಾರು ಜನ ತುಳಿದು ಸಿಮೆಂಟಿನಷ್ಟು ಗಟ್ಟಿಯಾದ ಕಾಲುದಾರಿ. ಬೂಟಿನ ತಳಕ್ಕೆ ಮೈಕ್ರೋಸ್ಪೈಕ್ ಅನ್ನುವ ಸಣ್ಣ ಲೋಹದ ಮುಳ್ಳುಗಳನ್ನು ಹಾಕಿಕೊಂಡರೆ ಜಾರುವ ಭಯವೂ ಇಲ್ಲ. ಮೇಲೆ ದಿಣ್ಣೆಗೆ, ಅಂದರೆ ವ್ಯೂಪಾಯಿಂಟಿಗೆ, ಬಂದು ನಿಂತರೆ ಎದುರಿಗೆ ಸಾಲು ಸಾಲು ಬಿಳಿ ಶಿಖರಗಳು. ಜಾಹೀರಾತಿನಲ್ಲಿ ಹಾಕಿದ್ದ ಚಿತ್ರಗಳೆಲ್ಲ ಇಲ್ಲಿಯವೇ. ಒಂದೂ ಆಚೆ ಬದಿಯದ್ದಲ್ಲ. ಅದನ್ನು ಆಗ ಯಾರು ಗಮನಿಸುತ್ತಾರೆ?

ಹೆಜ್ಜೆ ಗುರುತುಗಳೂ ಅಲ್ಲಿಗೇ ಮುಗಿದಿದ್ದವು. ಬಂದವರೆಲ್ಲ ನೋಟ ನೋಡಿ, ಬಂದ ದಾರಿಯಲ್ಲೇ ವಾಪಸಾಗಿದ್ದರು. ಆಚೆಗೆ ಒಂದು ಗೆರೆಯೂ ಇಲ್ಲದ ಹಿಮ.

"ಸರ್, ಮುಂದೆ ಯಾರೂ ಹೋದಂಗೇ ಕಾಣಲ್ವಲ್ಲ?" ಅಂತ ನಮ್ಮಲ್ಲೊಬ್ಬರು ಕೇಳಿದರು.

"ನಾವು ಅರ್ಧಕ್ಕೆ ಬಂದಿದ್ದೀವಿ. ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ," ಅಂದರು ನಮ್ಮ ಗೈಡ್.

ಸುತ್ತುದಾರಿಯಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಈ ಮಾತಿಗೇ. ದೂರ ಒಂದೇ ಇರಬಹುದು, ಶ್ರಮ ಒಂದೇ ಅಲ್ಲ. ಭೂಮಿಯ ಉತ್ತರಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಚಳಿಗಾಲದಲ್ಲಿ ಬಿಸಿಲೇ ತಾಗುವುದಿಲ್ಲ ಅನ್ನಬಹುದು. ಹಿಮ ಕರಗಿ ಗಟ್ಟಿಯಾಗುವ ಅವಕಾಶವೇ ಇಲ್ಲದೆ ಪುಡಿಪುಡಿಯಾಗಿಯೇ ಉಳಿದಿರುತ್ತದೆ. ದಿಣ್ಣೆಯ ಈಚೆಯಿಂದ ಗಾಳಿ ಹೊತ್ತು ತಂದದ್ದೂ ಅಲ್ಲೇ ಬಂದು ಬೀಳುತ್ತದೆ. ಮೈಕ್ರೋಸ್ಪೈಕ್ ಅಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ. ಬೇಕಾಗಿದ್ದು ಅಗಲ ತಳದ ಸ್ನೋಶೂ, ಅದು ಗೈಡ್ ಹತ್ತಿರವೂ ಇರಲಿಲ್ಲ.

ಪ್ರತಿ ಹೆಜ್ಜೆಗೂ ಕಾಲು ಹೂತುಹೋಗುವುದು, ಕಿತ್ತು ತೆಗೆಯುವುದು. ಮುಂದೆ ನಡೆಯುವವರು ಐದೈದು ನಿಮಿಷಕ್ಕೆ ಬದಲಾಗಬೇಕಾಯಿತು. ಸ್ಪ್ರೂಸ್ ಮರದ ಬುಡ ಹಿಡಿದು ನಡೆದರೆ ಸಲೀಸು ಅಂದುಕೊಂಡು ಹೋದ ಒಬ್ಬರು ಸೊಂಟದವರೆಗೆ ಇಳಿದುಬಿಟ್ಟರು. ಆ ಮರಗಳ ಕೆಳಕೊಂಬೆಗಳು ಹಿಮವನ್ನು ತಡೆದು ನಿಲ್ಲಿಸುವುದರಿಂದ ಕಾಂಡದ ಸುತ್ತ ಸಡಿಲ ಗುಂಡಿ ಆಗಿರುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಕಷ್ಟ, ಉಸಿರುಗಟ್ಟಿ ಸತ್ತವರೂ ಇದ್ದಾರೆ.

ದಾರಿ ಗುರುತಿಗೆಂದು ಬಂಡೆಗಳ ಮೇಲೆ ಬಳಿದ ಬಣ್ಣ ಹಿಮದಡಿ ಇತ್ತು. ಫೋನಿನ ನಕ್ಷೆಯೊಂದೇ ಗತಿ. ಗೈಡ್ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದರಿಂದ ಮೂವತ್ತು ಶೇಕಡಾ ಚಾರ್ಜ್ ತೋರಿಸುತ್ತಿದ್ದಾಗಲೇ ಆರಿಹೋಯಿತು. ಚಳಿಗೆ ಲಿಥಿಯಂ ಬ್ಯಾಟರಿ ಹೀಗೆಯೇ ಕೈಕೊಡುತ್ತದೆ. ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟಿದ್ದ ಇನ್ನೊಬ್ಬರ ಫೋನ್ ಕೊನೆಯವರೆಗೂ ನಡೆಯಿತು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕಾಡಿನ ನಡುವೆ ಮರಗಳೇ ಇಲ್ಲದ ಒಂದು ಉದ್ದನೆಯ ಪಟ್ಟಿ ಸಿಕ್ಕಿತು. "ಇಲ್ಲಿ ನೇರ ಇಳಿದರೆ ಕೆಳಗಿನ ದಾರಿ ಸಿಗುತ್ತೆ, ಒಂದು ಗಂಟೆ ಉಳಿಯುತ್ತೆ," ಅಂದರು ಗೈಡ್. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಸುಮ್ಮನೆ ಅಂಚಿನ ಮರಗಳ ಕಡೆ ಕೈ ತೋರಿಸಿದರು. ಮೇಲ್ಬದಿಯ ಕೊಂಬೆಗಳೆಲ್ಲ ಮುರಿದಿದ್ದವು, ಎಳೆ ಮರಗಳು ಒಂದೇ ದಿಕ್ಕಿಗೆ ಬಾಗಿದ್ದವು. ಹಿಮಕುಸಿತ, ಅಂದರೆ ಬೆಟ್ಟದ ಹಿಮ ರಾಶಿಯಾಗಿ ಜಾರಿ ಬೀಳುವುದು, ಇಳಿಯುವ ಜಾಡು ಅದು. ಹಿಮಕುಸಿತ ಹೆಚ್ಚಾಗಿ ಆಗುವುದೇ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಆ ಪಟ್ಟಿ ಕಣ್ಣಂದಾಜಿಗೇ ಅಷ್ಟು ಕಡಿದಾಗಿತ್ತು. "ನಾನು ಇಳಿಯಲ್ಲ, ನೀವೂ ಇಳಿಯಬೇಡಿ," ಅಂದು ಅವರು ಹಿಂದಕ್ಕೆ ತಿರುಗಿದರು. ನಾವೂ ತಿರುಗಿದೆವು. ಗೈಡ್ ಗೊಣಗುತ್ತಾ ಹಿಂದೆ ಬಂದರು.

ಅಷ್ಟು ಹೊತ್ತಿಗೆ ಜೀನ್ಸ್ ಹಾಕಿದ್ದ ಹುಡುಗನೊಬ್ಬನ ಮಾತು ತೊದಲತೊಡಗಿತ್ತು. ಹತ್ತಿ ಬಟ್ಟೆ ಒದ್ದೆಯಾದರೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಹೊರಡುವಾಗ ಅವನ ಬಟ್ಟೆ ನೋಡಿ ತಂಡದವರು ಏನೂ ಹೇಳಿರಲಿಲ್ಲ. ಜಾಕೆಟ್ಟಿನ ಜಿಪ್ ಎಳೆದುಕೊಳ್ಳಲೂ ಅವನ ಬೆರಳಿಗೆ ಆಗುತ್ತಿರಲಿಲ್ಲ. ಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವಾಗಿನ ಲಕ್ಷಣಗಳು ಇವು. ನಡುಕ ಇದ್ದರೆ ಇನ್ನೂ ಪರವಾಗಿಲ್ಲ. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಅಪಾಯ. ಯಾರದೋ ಒಣ ಪ್ಯಾಂಟ್, ಇನ್ಯಾರದೋ ಟೋಪಿ, ಫ್ಲಾಸ್ಕಿನಲ್ಲಿದ್ದ ಬಿಸಿ ಸಿಹಿ ಪಾನೀಯ, ಎಲ್ಲ ಕೊಟ್ಟು ಅವನನ್ನು ಮಧ್ಯದಲ್ಲಿ ನಡೆಸಿಕೊಂಡು ಬಂದೆವು.

ನಮ್ಮದೇ ಹೆಜ್ಜೆಗಳು ಅರ್ಧಂಬರ್ಧ ಮುಚ್ಚಿದ್ದರೂ ದಾರಿ ತೋರಿಸುವಷ್ಟು ಉಳಿದಿದ್ದವು. ದಿಣ್ಣೆ ತಲುಪುವಾಗಲೇ ಕತ್ತಲು. ಅಷ್ಟು ಜನಕ್ಕೆ ಇದ್ದದ್ದು ಎರಡು ಹೆಡ್‌ಲ್ಯಾಂಪ್. ಮೈನಸ್ ಹತ್ತು ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ ಇಪ್ಪತ್ತರಂತೆ ತಟ್ಟುತ್ತದೆ ಅಂತ ಓದಿದ್ದೆ. ಮಧ್ಯಾಹ್ನ ಫೋಟೋ ತೆಗೆಸಿಕೊಂಡಿದ್ದ ಜಾಗದಲ್ಲಿ ಒಂದು ನಿಮಿಷ ನಿಲ್ಲಲಾಗಲಿಲ್ಲ.

ಹೀಗೆ ಗುಂಪಿನ ಜೊತೆ ಹೋಗುವವರು ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು ಒಟ್ಟು ಎಷ್ಟು ಕಿಲೋಮೀಟರ್ ಅಂತಲ್ಲ. ಹಿಂಬದಿಯಲ್ಲಿ ಕೊನೆಯ ಸಲ ಯಾರು, ಯಾವಾಗ ನಡೆದರು? ಆಮೇಲೆ ಎಷ್ಟು ಹಿಮ ಬಿತ್ತು? ಆ ದಿನದ ಹಿಮಕುಸಿತ ಮುನ್ಸೂಚನೆ ಏನು? ಎಷ್ಟು ಗಂಟೆಗೆ, ಎಲ್ಲೇ ಇದ್ದರೂ, ವಾಪಸ್ ತಿರುಗುತ್ತೀರಿ? ಕೊನೆಯ ಪ್ರಶ್ನೆಗೆ ಗಡಿಯಾರದ ಸಮಯವೇ ಉತ್ತರವಾಗಿ ಬರಬೇಕು. "ಅದೆಲ್ಲ ಅಲ್ಲಿ ನೋಡ್ಕೊಳ್ಳೋಣ" ಅಂದರೆ ಆ ಗುಂಪು ಬೇಡ. ವ್ಯೂಪಾಯಿಂಟ್‌ವರೆಗೆ ಹೋಗಿ ಅದೇ ದಾರಿಯಲ್ಲಿ ಇಳಿಯುವ ಚಾರಣವೂ ಚಾರಣವೇ. ಸುತ್ತು ಪೂರ್ತಿ ಮಾಡಲಿಲ್ಲ ಅಂತ ಯಾರೂ ಅಂಕ ಕಳೆಯುವುದಿಲ್ಲ.

ತಂಡದವರಿಗೆ ಇದನ್ನೆಲ್ಲ ಬರೆದು ಕಳಿಸಿದೆ. "ಆ ದಿನ ಹವಾಮಾನ ಕೈಕೊಟ್ಟಿತು" ಅಂತ ಉತ್ತರ ಬಂತು. ನಾವು ದಿಣ್ಣೆಯಿಂದ ಆಚೆಗೆ ಇಳಿದಾಗ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ವಿವರಣೆಯಲ್ಲಿ ಈಗಲೂ ಅದೇ ಇದೆ: ಸುಲಭ ದರ್ಜೆ, ನಾಲ್ಕು ಗಂಟೆ.