ಗೈಡ್, ಸಿನಿಮಾ, ಗಮಕ: ಮೂರು ಬ್ಯಾಚಿಗೆ ಮೂರು ರೀತಿ ‘ಜೂಲಿಯಸ್ ಸೀಸರ್’

ಧಾರವಾಡದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಗೆ ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ಇಡೀ ನಾಟಕ ಪಾಠಕ್ಕಿದೆ. ಐದು ಅಂಕ, 18 ದೃಶ್ಯ, ಸುಮಾರು 2500 ಸಾಲು. ರೋಮಿನ ನಾಯಕ ಸೀಸರ್ ರಾಜನಾಗಿಬಿಡುತ್ತಾನೆ ಅಂತ ಗೆಳೆಯ ಬ್ರೂಟಸ್ ಮತ್ತು ಸಂಗಡಿಗರು ಅವನನ್ನು ಕೊಲ್ಲುತ್ತಾರೆ, ಸೀಸರ್‌ನ ಇನ್ನೊಬ್ಬ ಗೆಳೆಯ ಆಂಟನಿ ಭಾಷಣ ಮಾಡಿ ಮಂದಿಯನ್ನು ಅವರ ಮೇಲೆ ತಿರುಗಿಸುತ್ತಾನೆ. ಅದೇ ಕಥೆ. 1599ರಲ್ಲಿ ಲಂಡನ್ನಿನ ಜನ ನಿಂತುಕೊಂಡು ನೋಡಿದ ನಾಟಕ ಇದು. ಅದನ್ನು ನಾವು ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ, ಬಾಯಿ ಮುಚ್ಚಿಸಿ ಓದಿಸುತ್ತೇವೆ.

ಒಂದೇ ನಾಟಕವನ್ನು ಮೂರು ಬ್ಯಾಚಿಗೆ ನಾನು ಮೂರು ರೀತಿಯಲ್ಲಿ ಮಾಡಿ ನೋಡಿದ್ದೇನೆ. ಮೊದಲ ವರ್ಷ ಗೈಡ್, ಎರಡನೇ ವರ್ಷ ಸಿನಿಮಾ. ಮೂರನೇ ವರ್ಷ ನನಗೆ ನಾನೇ ‘ಗಮಕದ ದಾರಿ’ ಅಂತ ಹೆಸರಿಟ್ಟುಕೊಂಡ ರೀತಿ. ಇದೇ ನಾಟಕ ಕಲಿಸುವವರು, ಮನೆಯಲ್ಲಿ ಮಕ್ಕಳಿಗೆ ಓದಿಸುವ ಅಪ್ಪ ಅಮ್ಮ, ಟ್ಯೂಷನ್ ಹೇಳುವವರು ನಮ್ಮ ಕಡೆ ಬಹಳ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಗೈಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಡಗಡೆ ಪುಟದಲ್ಲಿ ಮೂಲ, ಬಲಗಡೆ ಪುಟದಲ್ಲಿ ಸರಳ ಇಂಗ್ಲಿಷ್, ಕೊನೆಗೆ ಪ್ರಶ್ನೆ ಉತ್ತರ. 22 ಪೀರಿಯಡ್‌ನಲ್ಲಿ ನಾಟಕ ಮುಗಿಯಿತು. ಬೇರೆ ಪುಸ್ತಕ ಹುಡುಕೋಣ ಅಂದರೆ ಸುಲಭಕ್ಕೆ ಸಿಗುವುದೂ ಇಲ್ಲ. ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ 1807ರಲ್ಲಿ ಶೇಕ್ಸ್‌ಪಿಯರ್‌ನ 20 ನಾಟಕಗಳನ್ನು ಮಕ್ಕಳ ಕಥೆ ಮಾಡಿದರಲ್ಲ, ಅದರಲ್ಲಿ ‘ಜೂಲಿಯಸ್ ಸೀಸರ್’ ಇಲ್ಲ. ಹಾಗಾಗಿ ಎಲ್ಲರ ಕೈಯಲ್ಲೂ ಗೈಡೇ.

ಆ ವರ್ಷ ಡಿಸೆಂಬರಿನಲ್ಲಿ ಒಬ್ಬ ಹುಡುಗನ ಪುಸ್ತಕ ತಿರುವಿ ನೋಡಿದೆ. ಬಲಗಡೆ ಪುಟಗಳ ತುಂಬಾ ಪೆನ್ಸಿಲ್ ಗೆರೆ, ಹಳದಿ ಬಣ್ಣ, ಅಂಚಿನಲ್ಲಿ ಟಿಪ್ಪಣಿ. ಎಡಗಡೆ ಪುಟಗಳು ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇದ್ದವು. ಆರು ತಿಂಗಳು ನಾವು ಮೂಲವನ್ನು ಮುಟ್ಟಿಯೇ ಇರಲಿಲ್ಲ. ಆ ಪುಸ್ತಕ ಕೈಯಲ್ಲಿ ಹಿಡಿದು ನನಗೆ ಬಹಳ ಬೇಜಾರಾಯಿತು. ತಪ್ಪು ಹುಡುಗನದಲ್ಲ. ದಾರಿ ತೋರಿಸಿದ್ದು ನಾನು.

ಗೈಡ್ ಮಾಡುವ ಇನ್ನೊಂದು ಹಾನಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಇಂಗ್ಲಿಷಿನ ‘ದೌ’ (thou) ಅಂದರೆ ‘ಯೂ’ ಅಂತ ಅದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಅಷ್ಟು ಸಾಕಾಗಬಹುದು. ಕನ್ನಡದ ಮಕ್ಕಳಿಗೆ ಅದು ಮೋಸ. ನಮ್ಮಲ್ಲಿ ನೀನು, ನೀವು ಎರಡೂ ಜೀವಂತ ಇವೆ ಅಲ್ವಾ? ಬ್ರೂಟಸ್ ತನ್ನ ಆಳು ಹುಡುಗ ಲೂಸಿಯಸ್‌ನನ್ನು ಅಕ್ಕರೆಯಿಂದ ‘ದೌ’ ಅನ್ನುತ್ತಾನೆ. ಆಂಟನಿ ಎಲ್ಲರೂ ಹೋದ ಮೇಲೆ ಸೀಸರ್‌ನ ಹೆಣದ ಮುಂದೆ ಒಬ್ಬನೇ ನಿಂತು ‘ದೌ’ ಅನ್ನುತ್ತಾನೆ. ಅದು ‘ನೀನು’. ಹೆಣದ ಮುಂದೆ ಅತ್ತವರು ‘ನೀವು’ ಅಂದದ್ದನ್ನು ನಮ್ಮ ಮಕ್ಕಳು ಎಲ್ಲಿ ಕೇಳಿದ್ದಾರೆ? ಇಷ್ಟು ಹೇಳಿದರೆ ಸಾಕು, ಅವರಿಗೆ ತಿಳಿಯುತ್ತದೆ. ಗೈಡ್ ಅದನ್ನು ಹೇಳುವುದಿಲ್ಲ.

ಸಿನಿಮಾದ ಬಗ್ಗೆ ಹೇಳುವುದು ಕಡಿಮೆ ಇದೆ. 1953ರ ಕಪ್ಪು ಬಿಳುಪು ಚಿತ್ರ, ಆಂಟನಿಯಾಗಿ ಮಾರ್ಲನ್ ಬ್ರಾಂಡೊ. ಎರಡು ಗಂಟೆಯ ಸಿನಿಮಾ, ಸ್ಮಾರ್ಟ್ ಬೋರ್ಡಿನಲ್ಲಿ ಮೂರು ಪೀರಿಯಡ್. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ರೋಮನ್ನರು ಹೊದೆಯುವ ಟೋಗಾ ಹೇಗಿರುತ್ತದೆ, ಅವರ ಆಡಳಿತ ಸಭೆ ಸೆನೆಟ್ ಅಂದರೆ ಏನು ಅಂತ ಎರಡು ವಾರ ಬೋರ್ಡಿನ ಮೇಲೆ ಚಿತ್ರ ಬರೆಯುವ ಕೆಲಸ ತಪ್ಪಿತು. ಆದರೆ ಆಮೇಲೆ ಯಾರು ಆಂಟನಿಯ ಸಾಲು ಓದಿದರೂ ಬ್ರಾಂಡೊ ಥರವೇ ಓದತೊಡಗಿದರು. ತಮ್ಮದೇ ಆಂಟನಿ ಯಾರಿಗೂ ಹುಟ್ಟಲಿಲ್ಲ. ಮತ್ತೆ ಕ್ಯಾಮೆರಾ ಯಾರ ಮುಖ ತೋರಿಸುತ್ತದೋ ಅವರನ್ನಷ್ಟೇ ನೋಡಬೇಕು. ಈ ನಾಟಕದಲ್ಲಿ ನೋಡಬೇಕಾದದ್ದು ಭಾಷಣ ಮಾಡುವವನನ್ನು ಎಷ್ಟೋ, ಕೇಳುವ ಮಂದಿಯನ್ನೂ ಅಷ್ಟೇ. ಸಿನಿಮಾ ತೋರಿಸಿ, ಖಂಡಿತ ತೋರಿಸಿ. ನಾಟಕ ಓದಿ ಮುಗಿಸಿದ ಮೇಲೆ ತೋರಿಸಿ.

ಈಗ ಮೂರನೆಯದು. ನಾನು ಬೆಳೆದದ್ದು ಗದುಗಿನಲ್ಲಿ. ವೀರನಾರಾಯಣ ಗುಡಿಗೆ ಅಜ್ಜನ ಕೈ ಹಿಡಿದು ಹೋಗುತ್ತಿದ್ದೆ. ಕುಮಾರವ್ಯಾಸ ಭಾರತ ಬರೆದದ್ದು ಅಲ್ಲೇ ಅಂತ ಊರಿನವರ ನಂಬಿಕೆ, ಅವನು ಒರಗಿ ಕೂತ ಕಂಬವನ್ನೂ ತೋರಿಸುತ್ತಾರೆ. ಗಮಕ ನಾನು ಮೊದಲು ಕೇಳಿದ್ದು ಅಜ್ಜನ ಪಕ್ಕದಲ್ಲಿ ಕೂತು. ಒಬ್ಬರು ಪದ್ಯ ಹಾಡುತ್ತಾರೆ. ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಹಳಗಾಲದ ಮಾತು ಅರ್ಥವಾಗದ ಎಂಟು ವರ್ಷದ ಹುಡುಗನಿಗೂ ಕರ್ಣನ ಸಂಕಟ ಮುಟ್ಟುತ್ತಿತ್ತು. ಮೊದಲು ಕಿವಿಗೆ, ಆಮೇಲೆ ಬುದ್ಧಿಗೆ. 400 ವರ್ಷ ಹಿಂದಿನ ಇಂಗ್ಲಿಷಿಗೂ ಇದನ್ನೇ ಯಾಕೆ ಮಾಡಬಾರದು ಅಂತ ಒಂದು ರಾತ್ರಿ ಅನ್ನಿಸಿತು.

ನಿಯಮ ಸರಳ. ಒಬ್ಬರು ಎದ್ದು ನಿಂತು ನಾಲ್ಕೈದು ಸಾಲು ಜೋರಾಗಿ ಓದಬೇಕು. ಪಕ್ಕದಲ್ಲಿ ನಿಂತವರು ಪುಸ್ತಕ ನೋಡದೆ ಅದನ್ನು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಬೇಕು. ಪುಸ್ತಕದ ಕನ್ನಡ ಬೇಡ, ಧಾರವಾಡದ್ದು. ಉಳಿದ ಅರ್ಧ ಕ್ಲಾಸು ಹಿಂದೆ ನಿಂತು ‘ಮಂದಿ’ ಆಗಬೇಕು. ಮೊದಲ ಮೂರು ದಿನ ಗಲಾಟೆಯೇ ಜಾಸ್ತಿ ಇತ್ತು. ಓದುವ ಧ್ವನಿ ಹೊರಗಿನ ಮಳೆಯಲ್ಲೇ ಮುಚ್ಚಿಹೋಗುತ್ತಿತ್ತು. ನಾಲ್ಕನೇ ದಿನದಿಂದ ಹಿಡಿತ ಸಿಕ್ಕಿತು.

ಮೂರನೇ ಅಂಕದ ಎರಡನೇ ದೃಶ್ಯಕ್ಕೆ ಬಂದಾಗ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೀಸರ್ ಹಿಂದಿನ ದೃಶ್ಯದಲ್ಲೇ ಸತ್ತಿದ್ದಾನೆ. ಮೊದಲು ಬ್ರೂಟಸ್ ಮಾತಾಡುತ್ತಾನೆ, ಯಾಕೆ ಕೊಂದೆವು ಅಂತ. ಓದುತ್ತಿದ್ದ ಹುಡುಗಿ ಅರ್ಧಕ್ಕೆ ನಿಲ್ಲಿಸಿ, ‘ಸರ್ರ, ಇದು ಪದ್ಯ ಅಲ್ರೀ’ ಅಂದಳು. ಹೌದು, ಬ್ರೂಟಸ್‌ನ ಭಾಷಣ ಗದ್ಯ. ಲೆಕ್ಕ ಒಪ್ಪಿಸುವವರ ಹಾಗೆ ಅಚ್ಚುಕಟ್ಟಾದ ಮಾತು. ಆಮೇಲೆ ಬರುವ ಆಂಟನಿಯದು ಪದ್ಯ. ಸಾಲಿಗೆ ಹತ್ತು ಅಕ್ಷರ, ಐದು ಪೆಟ್ಟು. ಗೈಡಿನ ಬ್ಯಾಚಿಗೆ ಈ ವ್ಯತ್ಯಾಸವನ್ನು ನಾನೇ ಬರೆಸಿದ್ದೆ. ಇಲ್ಲಿ ಅದನ್ನು ಹಿಡಿದದ್ದು ಆ ಹುಡುಗಿಯ ನಾಲಿಗೆ.

ಬ್ರೂಟಸ್ ಮುಗಿಸಿದ ಕೂಡಲೇ ಮಂದಿಯಲ್ಲಿ ಒಬ್ಬ ಕೂಗಬೇಕು, ಇವನೇ ಸೀಸರ್ ಆಗಲಿ ಅಂತ. ಆ ಸಾಲು ಹೆಬ್ಬಳ್ಳಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗನ ಪಾಲಿಗೆ ಬಂದಿತ್ತು. ಕೂಗಿದ. ಕೂಗಿ ಅಲ್ಲೇ ನಿಂತ. ‘ಸರ್ರ, ಹಂಗಾರ ಸೀಸರ್‌ನ್ನ ಕೊಂದದ್ದು ಯಾಕ?’ ಅಂತ ಕೇಳಿದ. ರಾಜ ಬೇಡ ಅಂತ ಕೊಂದವನಿಗೇ ಮಂದಿ ಕಿರೀಟ ಹಾಕಲು ಹೊರಟಿದ್ದಾರೆ. ಬ್ರೂಟಸ್ ಸೋತದ್ದು ಅಲ್ಲೇ, ಆಂಟನಿ ಬಾಯಿ ತೆರೆಯುವ ಮೊದಲೇ. ಎರಡು ವರ್ಷ ಇದೇ ದೃಶ್ಯ ಕಲಿಸಿದ ನಾನು ಆ ಒಂದು ಸಾಲನ್ನು ಅಷ್ಟು ಗಟ್ಟಿಯಾಗಿ ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಆಂಟನಿ. ಬ್ರೂಟಸ್ ‘ಆನರಬಲ್ ಮ್ಯಾನ್’ ಅಂತ ಅವನು ಮತ್ತೆ ಮತ್ತೆ ಹೇಳುತ್ತಾನೆ. ಗೈಡಿನಲ್ಲಿ ಇದಕ್ಕೆ ‘ಐರನಿ’ ಅಂತ ಒಂದು ಪದ ಇದೆ, ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಇಲ್ಲಿ ವ್ಯಾಖ್ಯಾನಕ್ಕೆ ನಿಂತ ಹುಡುಗ ಮೊದಲು ‘ಗೌರವಾನ್ವಿತ’ ಅಂದ. ಮಂದಿ ಸುಮ್ನೆ ನಿಂತಿತ್ತು. ಎರಡನೇ ಸಲ ‘ಮರ್ಯಾದಸ್ಥ’ ಅಂದ. ಏನೂ ಆಗಲಿಲ್ಲ. ಮೂರನೇ ಸಲ ಒಂದು ಕ್ಷಣ ಯೋಚಿಸಿ, ತಲೆ ಸ್ವಲ್ಪ ವಾರೆ ಮಾಡಿ, ‘ಬ್ರೂಟಸ್ ಭಾಳ ದೊಡ್ಡ ಮನಷ್ಯಾ’ ಅಂದ. ಹಿಂದಿನಿಂದ ‘ಓಹೋ’ ಅಂತ ಕೂಗು ಬಂತು.

‘ದೊಡ್ಡ ಮನುಷ್ಯ’ ಅನ್ನುವ ಮಾತಿಗೆ ನಮ್ಮಲ್ಲಿ ಎರಡೂ ಅಂಚು ಇವೆ. ಹೊಗಳಿಕೆಗೂ ಬರುತ್ತದೆ, ಚುಚ್ಚುವುದಕ್ಕೂ ಬರುತ್ತದೆ. ಧ್ವನಿ ಸ್ವಲ್ಪ ತಿರುಗಿದರೆ ಸಾಕು. ಆಂಟನಿ ಮಾಡುವುದು ಅದನ್ನೇ. ಮೊದಲ ಸಲ ನಿಜವಾದ ಹೊಗಳಿಕೆಯ ಹಾಗೆ ಹೇಳುತ್ತಾನೆ, ಒಂದೊಂದು ಸಲಕ್ಕೂ ಒಂದೊಂದು ಎಳೆ ತಿರುವುತ್ತಾನೆ, ಕೊನೆಗೆ ಅದೇ ಮಾತು ಬೈಗುಳ ಆಗುತ್ತದೆ. ನಾನು ವಿವರಿಸಬೇಕಾಗಲೇ ಇಲ್ಲ. ಅದೇ ಹುಡುಗನಿಗೆ, ನಾಲ್ಕು ಸಲವೂ ಅದೇ ಮಾತು ಹೇಳು, ಬೇರೆ ಬೇರೆ ಥರ ಹೇಳು ಅಂದೆ. ಹೇಳಿದ. ನನಗೆ ಮೈ ಜುಂ ಅಂದಿತು.

ಉಯಿಲಿನ ಆಟವೂ ಹಾಗೇ. ಆಂಟನಿ ಸೀಸರ್‌ನ ಉಯಿಲು ಎತ್ತಿ ತೋರಿಸುತ್ತಾನೆ, ಓದುವುದಿಲ್ಲ. ಮಂದಿ ಓದು ಓದು ಅನ್ನುತ್ತದೆ. ಕೆಳಗಿಳಿದು ಬಂದು ಮೊದಲು ಸೀಸರ್‌ನ ಹರಿದ ಬಟ್ಟೆ ತೋರಿಸುತ್ತಾನೆ. ಇದನ್ನು ಸೀಸರ್ ಮೊದಲ ಸಲ ಹಾಕಿಕೊಂಡದ್ದು ನೆನಪಿದೆ, ಬೇಸಿಗೆಯ ಸಂಜೆ, ಡೇರೆಯಲ್ಲಿ ಅನ್ನುತ್ತಾನೆ. ಆಮೇಲೆ ಹೆಣ ತೋರಿಸುತ್ತಾನೆ. ಮಂದಿ ಬೆಂಕಿ ಹಚ್ಚಲು ಓಡುತ್ತದೆ. ಆಗ ವಾಪಸ್ ಕರೆದು, ಉಯಿಲು ಮರೆತಿರಲ್ಲ ಅನ್ನುತ್ತಾನೆ. ನಮ್ಮ ಮಂದಿ ಬಾಗಿಲ ತನಕ ಓಡಿ ಮತ್ತೆ ಬಂದರು. ಉಯಿಲಿನಲ್ಲಿ ರೋಮಿನ ಒಬ್ಬೊಬ್ಬರಿಗೂ 75 ದ್ರಾಕ್ಮಾ, ಬೆಳ್ಳಿ ನಾಣ್ಯ! ಪಕ್ಕದ ಕ್ಲಾಸಿನ ಮೇಡಂ ಬಂದು ಏನಾಯಿತು ಅಂತ ಕೇಳಿದರು.

ಈ ದಾರಿಗೂ ಬೆಲೆ ಇದೆ, ಅದನ್ನು ಮುಚ್ಚಿಡುವುದಿಲ್ಲ. 22 ಪೀರಿಯಡ್ ಇದ್ದದ್ದು 41 ಆಯಿತು. ಐದನೇ ಅಂಕದ ಯುದ್ಧವನ್ನು ಓಡಿಸಿಕೊಂಡು ಹೋಗಬೇಕಾಯಿತು. ಯಾರು ಯಾರಿಗೆ ಯಾವಾಗ ಹೇಳಿದ್ದು ಅನ್ನುವ ಪ್ರಶ್ನೆಗಳಲ್ಲಿ ಗೈಡಿನ ಬ್ಯಾಚೇ ಸ್ವಲ್ಪ ಮುಂದಿತ್ತು. ಅದಕ್ಕೇ ಕೊನೆಯ ಎರಡು ವಾರ ಗೈಡ್ ಮತ್ತೆ ತೆಗೆಸಿದೆ. ಆಗ ಅದು ಒಳ್ಳೆಯ ಕೆಲಸ ಮಾಡಿತು, ಯಾಕೆಂದರೆ ಎಡಗಡೆ ಪುಟ ಆಗಲೇ ಅವರ ಬಾಯಲ್ಲಿ ಇತ್ತು. ‘ಬ್ರೂಟಸ್ ಮಾಡಿದ್ದು ಸರಿಯೇ’ ಅನ್ನುವಂಥ ಪ್ರಶ್ನೆಗೆ ಬರೆದ ಉತ್ತರಗಳಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಗೈಡಿನ ವರ್ಷ 30 ಜನರೂ ಒಂದೇ ಉತ್ತರ ಬರೆದಿದ್ದರು. ಈ ಸಲ ಒಬ್ಬಳು ಬ್ರೂಟಸ್‌ನನ್ನು ಕರ್ಣನ ಪಕ್ಕ ಇಟ್ಟು ಬರೆದಳು. ಕರ್ಣ ಗೆಳೆಯನಿಗಾಗಿ ಧರ್ಮ ಬಿಟ್ಟ, ಬ್ರೂಟಸ್ ಧರ್ಮ ಅಂದುಕೊಂಡದ್ದಕ್ಕಾಗಿ ಗೆಳೆಯನನ್ನು ಬಿಟ್ಟ, ಇಬ್ಬರೂ ಉಳಿಯಲಿಲ್ಲ ಅಂತ. ಅವಳ ಇಂಗ್ಲಿಷಿನಲ್ಲಿ ಎರಡು ತಪ್ಪು ಇದ್ದವು. ನಾನು ಪೂರ್ತಿ ಮಾರ್ಕ್ಸ್ ಕೊಟ್ಟೆ.

ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಯಾಕೆ ಅಂತ ಮೇಲಿನವರೊಬ್ಬರು ಕರೆದು ಕೇಳಿದರು. ಆ ಮಾತು ಮನಸ್ಸಿಗೆ ಚುಚ್ಚಿತು. ಶೇಕ್ಸ್‌ಪಿಯರ್ ಈ ಕಥೆ ತೆಗೆದುಕೊಂಡದ್ದೇ ಅನುವಾದದಿಂದ. ಹಳೆಯ ಕಾಲದ ಜೀವನಚರಿತ್ರೆಕಾರ ಪ್ಲುಟಾರ್ಕ್ ಗ್ರೀಕಿನಲ್ಲಿ ಬರೆದದ್ದು ಫ್ರೆಂಚಿಗೆ ಹೋಗಿ, ಅಲ್ಲಿಂದ 1579ರಲ್ಲಿ ಥಾಮಸ್ ನಾರ್ತ್ ಕೈಯಲ್ಲಿ ಇಂಗ್ಲಿಷಿಗೆ ಬಂತು. ಮೂರು ಭಾಷೆ ದಾಟಿ ಬಂದ ಕಥೆ ನಾಲ್ಕನೆಯದಕ್ಕೆ ಬಂದರೆ ಏನೂ ಕಡಿಮೆ ಆಗುವುದಿಲ್ಲ ಅಂತ ಹೇಳಿ ಬಂದೆ.

ಓದಲು ನಾಚುವ ಮಕ್ಕಳಿಗೆ ಈ ದಾರಿ ಕಷ್ಟ ಅಂತ ನನಗೂ ಅಳುಕಿತ್ತು. ಒಬ್ಬ ಹುಡುಗಿ ಒಂದು ಸಾಲನ್ನೂ ಜೋರಾಗಿ ಓದಲಿಲ್ಲ. ಒತ್ತಾಯ ಮಾಡಲಿಲ್ಲ, ಮಂದಿಯಲ್ಲಿ ನಿಲ್ಲಿಸಿದೆ. ದಸರಾ ರಜೆ ಮುಗಿದ ಮೇಲೆ ನಾಲ್ಕನೇ ಅಂಕ ತೆಗೆದೆವು. ಆಂಟನಿ ಈಗ ಅಧಿಕಾರದಲ್ಲಿದ್ದಾನೆ. ಯಾರನ್ನು ಕೊಲ್ಲಬೇಕು ಅಂತ ಪಟ್ಟಿ ಮಾಡುತ್ತಾ, ನಡುವೆ ಸಣ್ಣದಾಗಿ ಒಂದು ಮಾತು ಹೇಳುತ್ತಾನೆ: ಸೀಸರ್‌ನ ಉಯಿಲು ತರಿಸಿ, ಅದರಲ್ಲಿ ಕೊಡಬೇಕಾದ ಹಣ ಎಷ್ಟು ಕಡಿಮೆ ಮಾಡಬಹುದು ನೋಡೋಣ. ಹಿಂದಿನ ಎರಡು ಬ್ಯಾಚಿನಲ್ಲಿ ಈ ಸಾಲಿನ ಹತ್ತಿರ ಯಾರೂ ತಲೆ ಎತ್ತಿರಲಿಲ್ಲ.

ಹಿಂದಿನಿಂದ ಅದೇ ಹುಡುಗಿಯ ಧ್ವನಿ ಬಂತು. ‘ಏ, ಅದು ನಮ್ಮ ರೊಕ್ಕ!’

ಬೆಲ್ ಆದ ಮೇಲೂ ಮಂದಿ ಜಾಗ ಬಿಟ್ಟು ಕದಲಲಿಲ್ಲ.